ಮಿಲಿಟರಿ ಲಾರಿ ಕ್ಯಾಬಿನ್: ಮೊದಲು ನೀರಿನ ದಾರಿ, ಬಣ್ಣ ಆಮೇಲೆ

ಅಮೆರಿಕದ ಸೇನೆ ಬಳಸಿ ಮಾರಿದ ಎಂ35ಎ2 ಲಾರಿಯ ಕ್ಯಾಬಿನ್ ನೋಡಿದ ತಕ್ಷಣ ಗಟ್ಟಿಮುಟ್ಟು ಅನ್ನಿಸುತ್ತದೆ. ದಪ್ಪನೆಯ ಹಸಿರು ಬಣ್ಣ ಎಷ್ಟೋ ತೂತುಗಳನ್ನು ಮುಚ್ಚಿಕೊಂಡಿರುತ್ತದೆ. ಮೇಲಿರುವುದು ಕ್ಯಾನ್ವಾಸ್ ಹೊದಿಕೆ, ಹಾಗಾಗಿ ಮಳೆನೀರು ಒಳಗೆ ಬಂದೇ ಬರುತ್ತದೆ. ಬಂದ ನೀರು ಎಲ್ಲಿ ನಿಂತು ತುಕ್ಕು ಹಿಡಿಸಿತು ಎಂದು ಕಂಡುಹಿಡಿಯುವುದೇ ಕ್ಯಾಬಿನ್ ರಿಪೇರಿಯ ಅರ್ಧ ಕೆಲಸ.

ಸೀಟು, ಮ್ಯಾಟು, ಗೇರ್‌ಬಾಕ್ಸ್ ಮೇಲಿನ ಮುಚ್ಚಳ ಎಲ್ಲ ತೆಗೆದುಹಾಕಿ. ಬ್ಯಾಟರಿ ತಂತಿಗಳನ್ನೂ ಬಿಚ್ಚಿ, ನೆಗೆಟಿವ್ ಮೊದಲು. ಇದು 24 ವೋಲ್ಟ್ ವ್ಯವಸ್ಥೆ, 12 ವೋಲ್ಟಿನ ಎರಡು ಬ್ಯಾಟರಿಗಳ ಜೋಡಣೆ. ಆಮೇಲೆ ಚಿಕ್ಕ ಸುತ್ತಿಗೆ ಹಿಡಿದು ನೆಲದ ತಗಡು, ಮೂಲೆಗಳು, ಗಾಜಿನ ಚೌಕಟ್ಟಿನ ಕೆಳಗಂಚು ಇವನ್ನು ಅಂಗುಲ ಅಂಗುಲಕ್ಕೂ ತಟ್ಟುತ್ತಾ ಹೋಗಿ. ಒಳ್ಳೆಯ ತಗಡು ಟಣ್ ಎನ್ನುತ್ತದೆ, ಕೊಳೆತದ್ದು ದಬ್ ಎನ್ನುತ್ತದೆ. ಶಬ್ದ ಬದಲಾದ ಕಡೆ ಸ್ಕ್ರೂಡ್ರೈವರ್ ತುದಿ ಒತ್ತಿ ನೋಡಿ. ಬಣ್ಣದ ಸಿಪ್ಪೆ ಹಾಗೇ ಉಳಿದು, ಅದರಡಿಯ ಕಬ್ಬಿಣ ಕಂದು ಪುಡಿಯಾಗಿ ಉದುರಿದರೆ ಅಷ್ಟು ಭಾಗ ಕತ್ತರಿಸಲೇಬೇಕು.

ಇಲ್ಲೊಂದು ಎಚ್ಚರಿಕೆ. 1980ರ ದಶಕದಿಂದ ಅಮೆರಿಕದ ಸೇನೆ ಬಳಸಿದ ಕಾರ್ಕ್ (ಸಿಎಆರ್‌ಸಿ, ರಾಸಾಯನಿಕ ಅಸ್ತ್ರಗಳನ್ನು ತಾಳಿಕೊಳ್ಳುವ) ಬಣ್ಣದಲ್ಲಿ ಐಸೋಸಯನೇಟ್ ಇತ್ತು, ಅದರಡಿಯ ಹಳೆಯ ಪ್ರೈಮರ್‌ನಲ್ಲಿ ಕ್ರೋಮೇಟ್ ಇರಬಹುದು. ಎರಡೂ ಉಸಿರಿನೊಳಗೆ ಹೋದರೆ ಅಪಾಯಕಾರಿ ರಾಸಾಯನಿಕಗಳು. ಆದ್ದರಿಂದ ಒಣದಾಗಿ ಉಜ್ಜಬೇಡಿ. ನೀರು ಹಾಕಿಕೊಂಡು ಉಜ್ಜಿ, ಸೂಕ್ಷ್ಮ ಧೂಳನ್ನು ತಡೆಯುವ ಪಿ100 ಫಿಲ್ಟರಿನ ಮಾಸ್ಕ್ ತೊಡಿ, ಧೂಳನ್ನು ಊದಿ ಹಾರಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ವೆಲ್ಡ್ ಮಾಡುವ ಜಾಗದ ಸುತ್ತ ಕನಿಷ್ಠ 50 ಮಿ.ಮೀ. ಬಣ್ಣ ತೆಗೆದಿರಬೇಕು. ಬಿಸಿಯಾದ ಬಣ್ಣದ ಹೊಗೆ ಧೂಳಿಗಿಂತ ಕೆಟ್ಟದ್ದು.

ಕತ್ತರಿಸುವ ಮುಂಚೆ ಬಾಗಿಲಿನ ತೆರಪಿಗೆ ಅಡ್ಡಲಾಗಿ 25 ಮಿ.ಮೀ. ಚೌಕ ಪೈಪು ಬೆಸೆದು ಬಿಗಿ ಮಾಡಿ. ಎರಡೂ ಕರ್ಣಗಳನ್ನು ಟೇಪಿನಿಂದ ಅಳೆದು ಬರೆದಿಟ್ಟುಕೊಳ್ಳಿ. ನೆಲ ಕತ್ತರಿಸಿದ ಮೇಲೆ ಕ್ಯಾಬಿನ್ ಸುಮಾರು 5 ಮಿ.ಮೀ. ಜಗ್ಗಿದರೂ ಬಾಗಿಲು ಮತ್ತೆ ಸರಿಯಾಗಿ ಕೂರುವುದಿಲ್ಲ. ಕ್ಯಾಬಿನ್ ಕೆಳಗಿನ ರಬ್ಬರ್ ಬುಷ್‌ಗಳು ಸವೆದಿದ್ದರೆ ಮೊದಲು ಅವನ್ನು ಬದಲಿಸಿ, ಇಲ್ಲದಿದ್ದರೆ ಸೊಟ್ಟಗಿನ ಅಳತೆಗೇ ಹೊಸ ತಗಡು ಕೂರಿಸಿದಂತಾಗುತ್ತದೆ.

ಹೊಸ ತಗಡು ಮೂಲದಷ್ಟೇ ದಪ್ಪ ಇರಲಿ. ಹಳೆಯ ಅಂಚು ಶುದ್ಧ ಲೋಹಕ್ಕೆ ಬರುವವರೆಗೆ ಕತ್ತರಿಸಿ, ನಡುವೆ 1 ಮಿ.ಮೀ. ಸಂದು ಬಿಟ್ಟು ಅಂಚಿಗೆ ಅಂಚು ಜೋಡಿಸಿ. ಒಂದರ ಮೇಲೊಂದು ಹೇರಿ ಬೆಸೆದ ತೇಪೆಯ ನಡುವೆ ನೀರು ಸೇರಿಕೊಂಡು ಅಲ್ಲಿಂದಲೇ ಮತ್ತೆ ತುಕ್ಕು ಶುರುವಾಗುತ್ತದೆ. 0.8 ಮಿ.ಮೀ. ಮಿಗ್ ವೆಲ್ಡಿಂಗ್ ತಂತಿಯಲ್ಲಿ 25–30 ಮಿ.ಮೀ.ಗೊಂದು ಬೆಸುಗೆಯ ಚುಕ್ಕೆ ಹಾಕಿ, ಒಂದು ತುದಿಯಿಂದ ಎದುರು ತುದಿಗೆ ಹಾರುತ್ತಾ ಸಾಗಿ. ಒಂದೇ ಕಡೆ ಉದ್ದಕ್ಕೆ ಎಳೆದರೆ ತಗಡು ಅಲೆಯಾಗಿ ಏಳುತ್ತದೆ, ಇಲ್ಲವೇ ತೂತಾಗುತ್ತದೆ. ಅರ್ಥ್ ಕ್ಲ್ಯಾಂಪ್ ಬೆಸುಗೆಯ ಹತ್ತಿರವೇ ಇರಲಿ, ಆಲ್ಟರ್ನೇಟರ್ ತಂತಿ ಬಿಚ್ಚಿರಲಿ. ಡೀಸೆಲ್ ಟ್ಯಾಂಕ್ ಪಕ್ಕದಲ್ಲಿ ಕೆಲಸವಿದ್ದರೆ ಅದನ್ನು ಇಳಿಸಿಬಿಡಿ, ಈ ವಿಷಯದಲ್ಲಿ ಅವಸರ ಬೇಡವೇ ಬೇಡ.

ತುಕ್ಕಿಗೆ ಫಾಸ್ಫಾರಿಕ್ ಆಮ್ಲದ ದ್ರವ ಹಚ್ಚಿದ್ದರೆ ಅದರ ತಯಾರಕರು ಹೇಳಿದಂತೆ ತೊಳೆದು ಪೂರ್ತಿ ಒಣಗಿಸಿ. ಉಳಿದ ಆಮ್ಲದ ಮೇಲೆ ಎಪಾಕ್ಸಿ ಪ್ರೈಮರ್ ಹಿಡಿಯದೆ ಹಾಳೆಯಂತೆ ಎದ್ದುಬರುತ್ತದೆ. ಎಪಾಕ್ಸಿ ಪ್ರೈಮರ್ ಎರಡು ಕೋಟು, ಸಂದುಗಳಿಗೆ ಸೀಮ್ ಸೀಲರ್, ಅದರ ಮೇಲೆ ಬಣ್ಣ. ಪುಟ್ಟಿ ಬಳಿದು ನುಣುಪು ಮಾಡುವ ಆಸೆ ಬಿಡಿ. ಇದು ಕೆಲಸದ ಗಾಡಿ, ಒರಟು ಮೈಯೇ ಇದಕ್ಕೆ ಒಪ್ಪುತ್ತದೆ.

ಗಾಜಿನ ರಬ್ಬರ್ ಕೂರಿಸಿದ ಮೇಲೆ ಪೈಪಿನ ನೀರನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಹಾಯಿಸಿ. ಮೇಲಿನಿಂದ ಸುರಿದರೆ ಸೋರಿಕೆ ಯಾವ ಎತ್ತರದಲ್ಲಿದೆ ಎಂದು ತಿಳಿಯುವುದಿಲ್ಲ. ಒಳಗೆ ಒಬ್ಬರು ಟಾರ್ಚ್ ಹಿಡಿದು ಕೂತಿರಲಿ. ಎಲ್ಲ ಒಣಗಿದ ಮೇಲೆ ಟೊಳ್ಳು ಭಾಗಗಳಿಗೆ ಕ್ಯಾವಿಟಿ ವ್ಯಾಕ್ಸ್ (ತುಕ್ಕು ತಡೆಯುವ ಮೇಣ) ಸಿಂಪಡಿಸಿ. ಅದು ಗಟ್ಟಿಯಾದ ಮೇಲೆ ಪ್ರತಿಯೊಂದು ನೀರಿಳಿಯುವ ತೂತಿಗೂ ತಂತಿ ತೂರಿಸಿ ನೋಡಿ, ವ್ಯಾಕ್ಸ್ ಇಳಿದು ಕಟ್ಟಿಕೊಂಡಿರುವುದು ಅಲ್ಲೇ.