ಮೂರು ತಲೆಮಾರು, ಎರಡು ಲೈಸೆನ್ಸ್, ಒಂದು ಎಲ್ಕ್ ಬೇಟೆಯ ತಯಾರಿ

ಮೇ ತಿಂಗಳ ಕೊನೆಯಲ್ಲಿ ಕೊಲರಾಡೋ ರಾಜ್ಯದ ಬೇಟೆ ಲೈಸೆನ್ಸಿನ ಲಾಟರಿ ಫಲಿತಾಂಶ ಬಂದಾಗ ನಾನು ಮೊದಲು ಫೋನ್ ಮಾಡಿದ್ದು ವಿರಾಜಪೇಟೆಯ ಬಳಿ ತೋಟದಲ್ಲಿರುವ ಅಪ್ಪನಿಗೆ. ನನಗೂ ಹದಿಮೂರು ವರ್ಷದ ಮಗಳಿಗೂ ಅಕ್ಟೋಬರ್ ಮಧ್ಯದ ಐದು ದಿನಗಳ ಮೊದಲ ರೈಫಲ್ ಸೀಸನ್ನಿನಲ್ಲಿ ನಮ್ಮ ಕಡವೆಯ ಬಳಗದ್ದೇ ಪ್ರಾಣಿಯಾದ ಎಲ್ಕ್‌ನ ತಲಾ ಒಂದು ಹೆಣ್ಣನ್ನು ಹೊಡೆಯುವ ಪರವಾನಗಿ ಸಿಕ್ಕಿದೆ ಎಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಗಂಡನ್ನು ಬಿಟ್ಟು ಹೆಣ್ಣನ್ನು ಹೊಡೆಯುವುದು ಎಂಥ ಬೇಟೆ ಎಂದು ಕೇಳಿದರು.

ಅಪ್ಪನ ಕಾಲದ ಬೇಟೆಗೆ ಲಾಟರಿಯೂ ಇರಲಿಲ್ಲ, ಲೆಕ್ಕವೂ ಇರಲಿಲ್ಲ. ನಾಟಿ ಮುಗಿದು ಸೆಪ್ಟೆಂಬರಿನಲ್ಲಿ ಬರುವ ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ಕೋವಿಗೆ ತೋಕ್ ಪೂ ಎಂಬ ಹೂ ಮುಡಿಸಿ ಪೂಜೆ ಮಾಡಿದ ಮೇಲೆ ಗಂಡಸರು ಕಾಡಿಗೆ ಹೊರಡುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಾಗ ಅವರಿಗೆ ಇಪ್ಪತ್ನಾಲ್ಕು ವರ್ಷ. ಅಲ್ಲಿಗೆ ಅದು ನಿಂತಿತು, ನಿಲ್ಲಬೇಕಾದದ್ದೂ ಹೌದು ಎಂಬುದು ನನ್ನ ಅಭಿಪ್ರಾಯ. ಕೊಡವರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಡ, ಆದರೆ ಬೇಟೆಯಾಡುವಂತಿಲ್ಲ. ಇಲ್ಲಿ ಅಮೆರಿಕದಲ್ಲಿ ಕೋವಿ ಸುಲಭವಾಗಿ ಸಿಗುತ್ತದೆ, ಬೇಟೆಯ ಒಂದೊಂದು ಹೆಜ್ಜೆಗೂ ಕಾಗದ ಬೇಕು.

ಆ ಕಾಗದಗಳಲ್ಲಿಯೇ ನಮ್ಮ ಅರ್ಧ ವರ್ಷ ಕಳೆಯಿತು. ಏಪ್ರಿಲ್ ಮೊದಲ ವಾರದೊಳಗೆ ಅರ್ಜಿ ಹಾಕಬೇಕು. ಲಾಟರಿಯಲ್ಲಿ ಸಿಗದ ವರ್ಷಗಳಿಗೆ ಮುಂದಿನ ಲಾಟರಿಯಲ್ಲಿ ಆದ್ಯತೆ ಕೊಡುವ ಒಂದೊಂದು ಪ್ರಿಫರೆನ್ಸ್ ಪಾಯಿಂಟ್ ಸೇರುತ್ತಾ ಹೋಗುತ್ತದೆ. ನನ್ನ ಬಳಿ ನಾಲ್ಕು ಇದ್ದವು. ಆದರೆ ಗುಂಪಾಗಿ ಅರ್ಜಿ ಹಾಕಿದರೆ ಗುಂಪಿನಲ್ಲಿ ಯಾರಿಗೆ ಎಲ್ಲರಿಗಿಂತ ಕಡಿಮೆ ಪಾಯಿಂಟ್ ಇದೆಯೋ ಅದೇ ಎಲ್ಲರ ಲೆಕ್ಕವಾಗುತ್ತದೆ. ಮಗಳದ್ದು ಸೊನ್ನೆ, ಹಾಗಾಗಿ ನನ್ನದೂ ಸೊನ್ನೆ. ದೊಡ್ಡ ಕೊಂಬಿನ ಗಂಡಿನ ಆಸೆ ಬಿಟ್ಟು, ಪಾಯಿಂಟ್ ಇಲ್ಲದೆಯೂ ಸಿಗಬಹುದಾದ ಹೆಣ್ಣಿನ ಪರವಾನಗಿಗೆ ಅರ್ಜಿ ಹಾಕಿದ್ದಕ್ಕೆ ಇದೇ ಕಾರಣ. ಸುಮಾರು 2,80,000 ಎಲ್ಕ್‌ಗಳಿರುವ ರಾಜ್ಯದಲ್ಲಿ ಹಿಂಡಿನ ಸಂಖ್ಯೆಯನ್ನು ಹಿಡಿತದಲ್ಲಿಡುವುದು ಹೆಣ್ಣಿನ ಬೇಟೆಯೇ ಎಂದು ವಿವರಿಸಿದ ಮೇಲೆ ಅಪ್ಪ ಒಪ್ಪಿದರು, ಪೂರ್ತಿ ಮನಸ್ಸಿನಿಂದಲ್ಲ.

1949ರ ಜನವರಿ 1ರಂದು ಅಥವಾ ಅನಂತರ ಹುಟ್ಟಿದ ಯಾರೇ ಆಗಲಿ ಬೇಟೆಗಾರರ ಸುರಕ್ಷತಾ ತರಬೇತಿ ಮುಗಿಸದೆ ಇಲ್ಲಿ ಲೈಸೆನ್ಸ್ ಪಡೆಯುವಂತಿಲ್ಲ. ಮಗಳು ತರಗತಿಗೆ ಹೋಗಿ ಪರೀಕ್ಷೆ ಬರೆದಳು. 1948ರಲ್ಲಿ ಹುಟ್ಟಿದ ಅಪ್ಪನಿಗೆ ಮಾತ್ರ ಆ ನಿಯಮ ಅನ್ವಯಿಸುವುದಿಲ್ಲ ಎಂದು ತಿಳಿದಾಗ, ಕೊಲರಾಡೋ ಸರ್ಕಾರಕ್ಕೂ ತನ್ನ ಪರಿಚಯವಿದೆ ಎಂದು ಅವರು ನಕ್ಕರು. ಹಾಗಿದ್ದರೂ ಬೇಟೆಗೆ ನಮ್ಮ ಜೊತೆ ಬರಲಿರುವ ಅವರು ಬಂದೂಕು ಹಿಡಿಯುವುದಿಲ್ಲ ಎಂದು ನಾವೇ ತೀರ್ಮಾನಿಸಿದ್ದೇವೆ. ಅವರು ಬರುವುದು ಪ್ರವಾಸಿ ವೀಸಾದಲ್ಲಿ. ಇಲ್ಲಿರುವ ಕನ್ನಡಿಗ ಗೆಳೆಯರಲ್ಲಿ ಬಹಳಷ್ಟು ಜನರಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಪ್ರವಾಸಿ, ವಿದ್ಯಾರ್ಥಿ, ಎಚ್-1ಬಿ ಮುಂತಾದ ವೀಸಾದಲ್ಲಿರುವವರು ಬಂದೂಕನ್ನಾಗಲಿ ಮದ್ದುಗುಂಡನ್ನಾಗಲಿ ಹೊಂದುವುದನ್ನು ಅಮೆರಿಕದ ಫೆಡರಲ್ ಕಾನೂನು ನಿಷೇಧಿಸುತ್ತದೆ. ಇಲ್ಲಿನ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇರುವುದು ಇದಕ್ಕಿರುವ ಕೆಲವೇ ವಿನಾಯಿತಿಗಳಲ್ಲಿ ಒಂದು. ವಾರಾಂತ್ಯದ ಮೋಜಿಗೆಂದು ಸ್ನೇಹಿತನ ರೈಫಲ್ ಪಡೆದು ಹೊರಡುವ ಮುನ್ನ ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಗೈಡ್ ಏಕೆ ಬೇಕು ಎಂದು ಹೆಂಡತಿ ಕೇಳಿದ್ದಳು, ಖರ್ಚು ನೋಡಿದರೆ ಕೇಳಬೇಕಾದ ಪ್ರಶ್ನೆಯೇ. ಎಲ್ಕ್ ಸಣ್ಣ ಪ್ರಾಣಿಯಲ್ಲ. ಹೆಣ್ಣೇ ಇನ್ನೂರು ಕಿಲೋ ದಾಟುತ್ತದೆ. ನಾವು ಹೋಗುವ ಫ್ಲ್ಯಾಟ್ ಟಾಪ್ಸ್ ಪ್ರದೇಶದ ಒಳಭಾಗದಲ್ಲಿ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ. ಪ್ರಾಣಿ ಬಿದ್ದ ಜಾಗದಲ್ಲೇ ಅದನ್ನು ಬಿಡಿಸಿ, ತೊಡೆ, ಭುಜ, ಬೆನ್ನಿನ ಮಾಂಸವನ್ನೆಲ್ಲ ಕೆಡದಂತೆ ಮೈಲುಗಟ್ಟಲೆ ಹೊತ್ತು ತರಬೇಕು. ತಿನ್ನಬಹುದಾದ ಮಾಂಸವನ್ನು ಕಾಡಿನಲ್ಲಿ ಬಿಟ್ಟು ಬರುವುದು ಅಪರಾಧ. ಒಬ್ಬ ಗಂಡಸು, ಒಬ್ಬ ಹುಡುಗಿ, ಒಬ್ಬ ವೃದ್ಧರು ಇದನ್ನು ಮಾಡಲಾರರು. ಗೈಡ್‌ಗೆ ಕೊಡುವ ಹಣದಲ್ಲಿ ದೊಡ್ಡ ಪಾಲು ಅವನ ಕುದುರೆಗಳಿಗೆ ಎಂದೇ ನಾನು ತಿಳಿದಿದ್ದೇನೆ.

ಮೊದಲು ಮಾತಾಡಿದವನೊಬ್ಬ ನೂರಕ್ಕೆ ನೂರು ಎಲ್ಕ್ ಸಿಗುತ್ತದೆ ಎಂದು ಮಾತು ಕೊಟ್ಟ. ಇಡೀ ರಾಜ್ಯದಲ್ಲಿ ಎಲ್ಕ್ ಬೇಟೆಗೆ ಹೋದ ಐವರಲ್ಲಿ ಹೆಚ್ಚುಕಡಿಮೆ ಒಬ್ಬರಿಗಷ್ಟೇ ಅದು ಸಿಗುವಾಗ ಈ ಖಾತರಿ ಎಲ್ಲಿಂದ ಬಂತು ಎಂದು ಕೆದಕಿದರೆ, ಅವನದು ಬೇಲಿಯೊಳಗಿನ ಸಾಕಿದ ಹಿಂಡು. ಅದಕ್ಕಿಂತ ಕಸಾಯಿಖಾನೆ ಪ್ರಾಮಾಣಿಕವಾದದ್ದು. ಕೊನೆಗೆ ಆರಿಸಿಕೊಂಡವನಿಗೆ ಬೇಟೆಯ ಪ್ರವಾಸ ನಡೆಸುವವರಿಗೆ (ಔಟ್‌ಫಿಟರ್) ಬೇಕಾದ ರಾಜ್ಯದ ನೋಂದಣಿಯೂ ವಿಮೆಯೂ ಅರಣ್ಯ ಇಲಾಖೆಯ ಅನುಮತಿಯೂ ಇವೆ. ಅವನು ಕೇಳಿದ ಮೊದಲ ಪ್ರಶ್ನೆ, ನಿಮ್ಮ ಮಗಳು ಎಷ್ಟು ದೂರದವರೆಗೆ ತಪ್ಪದೆ ಹೊಡೆಯಬಲ್ಲಳು ಎಂಬುದು.

ಇನ್ನೂರು ಗಜ ಎಂದು ಉತ್ತರಿಸಲು ನಮಗೆ ಬೇಸಿಗೆಯಿಡೀ ಬೇಕಾಗುತ್ತದೆ. ರಾತ್ರಿ ಊಟವಾದ ಮೇಲೆ ಗ್ಯಾರೇಜಿನಲ್ಲಿ ಬಂದೂಕು ಖಾಲಿ ಇದೆಯೆಂದು ಮೂರು ಸಲ ನೋಡಿ, ಮಗಳು ನೆಲದ ಮೇಲೆ ಬೋರಲು ಮಲಗಿ ಗುರಿ ಹಿಡಿಯುತ್ತಾಳೆ. ನಳಿಗೆಯ ತುದಿಯ ಮೇಲೆ ನಾನು ಒಂದು ನಾಣ್ಯ ಇಡುತ್ತೇನೆ. ಟ್ರಿಗರ್ ಒತ್ತಿದಾಗ ನಾಣ್ಯ ಬೀಳಬಾರದು. ಮೊದಲ ವಾರ ಅದು ಸಿಮೆಂಟಿನ ಮೇಲೆ ಟಣ್ಣೆಂದು ಬೀಳುತ್ತಲೇ ಇತ್ತು. ವೀಡಿಯೊ ಕರೆಯಲ್ಲಿ ಬೆಳಗಿನ ಕಾಫಿ ಕುಡಿಯುತ್ತಾ ನೋಡುತ್ತಿದ್ದ ಅಪ್ಪ ಒಂದು ದಿನ, ಅವಳು ಉಸಿರು ಬಿಗಿ ಹಿಡಿಯುತ್ತಿದ್ದಾಳೆ, ಅರ್ಧ ಬಿಟ್ಟು ನಿಲ್ಲಿಸಲು ಹೇಳು ಎಂದರು. ಈಗ ಹತ್ತರಲ್ಲಿ ಎಂಟು ಸಲ ನಾಣ್ಯ ಅಲ್ಲೇ ಕೂತಿರುತ್ತದೆ. ನಮ್ಮಲ್ಲಿ ಗಂಡುಮಗು ಹುಟ್ಟಿದರೆ ಕೋವಿಯಿಂದ ಒಂದು ಗುಂಡು ಹಾರಿಸುವುದು ಪದ್ಧತಿ. ಇವಳು ಹುಟ್ಟಿದಾಗ ಯಾರೂ ಹಾರಿಸಿರಲಿಲ್ಲ. ಅದನ್ನು ನಾನಾಗಲಿ ಅಪ್ಪನಾಗಲಿ ಮಾತಿಗೆ ತಂದಿಲ್ಲ.

ಉಳಿದ ಚಿಂತೆ ಅಪ್ಪನದೇ. ಶಿಬಿರ ಇರುವುದು ಒಂಬತ್ತು ಸಾವಿರ ಅಡಿಗಿಂತ ಮೇಲೆ. ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್ ಕೂಡ ಆರು ಸಾವಿರ ಅಡಿಯನ್ನು ಮುಟ್ಟುವುದಿಲ್ಲ. ಆದ್ದರಿಂದ ಅವರು ಮೂರು ವಾರ ಮೊದಲೇ ಬಂದು ಡೆನ್ವರಿನ ಐದು ಸಾವಿರ ಅಡಿಗೆ ಒಗ್ಗಿಕೊಳ್ಳಬೇಕು, ವೈದ್ಯರು ಬೇಡವೆಂದರೆ ಮೀಕರ್ ಊರಿನ ವಸತಿಗೃಹದಲ್ಲೇ ಉಳಿಯಬೇಕು ಎಂದು ಈಗಲೇ ಮಾತಾಗಿದೆ.

ಬೇಟೆ ಸಿಕ್ಕಿದರೆ ಮಾಂಸ ತಿನ್ನುವ ಮೊದಲು ಇನ್ನೊಂದು ಪರೀಕ್ಷೆಯಿದೆ. 1967ರಲ್ಲಿ ಇದೇ ರಾಜ್ಯದ ಫೋರ್ಟ್ ಕಾಲಿನ್ಸ್‌ನಲ್ಲಿ ಮೊದಲು ಗುರುತಿಸಲಾದ, ಜಿಂಕೆ ಜಾತಿಯ ಪ್ರಾಣಿಗಳ ಮೆದುಳಿಗೆ ತಗಲುವ ಕ್ಷಯಿಸುವ ರೋಗಕ್ಕಾಗಿ ತಲೆಯನ್ನು ಪರೀಕ್ಷೆಗೆ ಕೊಟ್ಟು ಫಲಿತಾಂಶ ಬರುವವರೆಗೆ ಮಾಂಸವನ್ನು ಫ್ರೀಜರಿನಲ್ಲಿಟ್ಟು ಕಾಯುವುದೆಂದು ನಿಶ್ಚಯಿಸಿದ್ದೇವೆ. ಅರವತ್ತು ಕಿಲೋ ಹಿಡಿಸುವ ಫ್ರೀಜರ್ ಎಲ್ಲಿಡುವುದು ಎಂದು ಹೆಂಡತಿ ಗ್ಯಾರೇಜ್ ಅಳೆಯುತ್ತಿದ್ದಾಳೆ. ಎಲ್ಕ್ ಮಾಂಸದಲ್ಲಿ ಕೊಬ್ಬು ತೀರ ಕಡಿಮೆ, ಹಂದಿಕರಿಯ ಹಾಗೆ ಮಾಡಿದರೆ ನಾರಾಗುತ್ತದೆ ಎಂದು ನಾನು ಹೇಳಿದ್ದಕ್ಕೆ ಅಪ್ಪ ಕಿವಿಗೊಡಲಿಲ್ಲ. ಅವರ ಸಾಮಾನಿನ ಪಟ್ಟಿಯಲ್ಲಿ ಸ್ವೆಟರಿಗಿಂತ ಮೇಲೆ ಹಂದಿಕರಿಗೆ ಹಾಕುವ ಕೊಡಗಿನ ಹುಳಿ ಕಾಚಂಪುಳಿ ಎರಡು ಬಾಟಲಿ ಎಂದು ಬರೆದಾಗಿದೆ.