ಹಾಲ್ಟ್ ಬಸ್ಸಿನ ಲೆಕ್ಕ

2011ರ ಫೆಬ್ರವರಿ. ಜನಗಣತಿಗೆ ನನ್ನನ್ನು ಹಾಕಿದ್ದು ಮಡಿಕೇರಿಯಿಂದ ಸಾಕಷ್ಟು ಒಳಗಿರುವ ಒಂದು ಊರಿಗೆ. ಅಲ್ಲಿಗೆ ಇದ್ದದ್ದು ಒಂದೇ ಬಸ್. ರಾತ್ರಿ ಊರಲ್ಲೇ ಹಾಲ್ಟ್, ಬೆಳಿಗ್ಗೆ ಆರೂಮುಕ್ಕಾಲಿಗೆ ಹೊರಡುತ್ತಿತ್ತು. ಮಧ್ಯಾಹ್ನ ಒಂದು ಸಲ ಮುಖ ತೋರಿಸಿ ಹೋಗುತ್ತಿತ್ತು. ಸಂಜೆ ಬಂದು ಮಲಗುತ್ತಿತ್ತು. ಕಾಗದದಲ್ಲಿ ಬರೆಯುವಾಗ 'ಬಸ್ ಸೌಕರ್ಯ ಇದೆ' ಅಂತಲೇ ಬರೆಯಬೇಕು. ಜುಲೈ ಮಳೆಯಲ್ಲಿ ರಸ್ತೆ ಬದಿಯ ಬರೆ (ಗುಡ್ಡದ ಮಣ್ಣು) ಕುಸಿದಾಗ ಆ 'ಇದೆ' ಎಲ್ಲಿರುತ್ತದೋ!

ನಾನು ಮಧ್ಯಾಹ್ನದ ಬಸ್ಸಿಗೆ ಹೋದೆ, ಅದೂ ಶುಕ್ರವಾರ. ಕೊಡಗಿನವರು ಇದನ್ನು ಓದಿ ಈಗಲೇ ನಗುತ್ತಿರಬಹುದು. ಶುಕ್ರವಾರ ಮಡಿಕೇರಿ ಸಂತೆ. ತೋಟದ ಕೂಲಿಯವರು ಇರುವ ಲೈನ್ ಮನೆಗಳಿಗೆಲ್ಲ ಬೀಗ. ರೊಬಸ್ಟಾ ಕುಯ್ಲಿನ ಕಾಲವಾದ್ದರಿಂದ ಹುಣಸೂರು, ಪಿರಿಯಾಪಟ್ಟಣ ಕಡೆಯವರು ತುಂಬಿದ್ದರು. ಎಲ್ಲರೂ ಬೆಳಗಿನ ಬಸ್ಸಿಗೆ ಸಂತೆಗೆ ಹೋಗಿಯಾಗಿತ್ತು. ನನ್ನ ಬಸ್ಸೂ ಆಗಲೇ ತಿರುಗಿ ಹೋಗಿತ್ತು.

ಸುಮ್ನೆ ಕೂರುವುದೇಕೆ ಅಂತ ಮೇಲಿನ ದೊಡ್ಡ ಮನೆಗೆ ಹೋದೆ. ಅಜ್ಜಿಯೊಬ್ಬರೇ ಇದ್ದರು. ಬೆಲ್ಲದ ಕಾಫಿ ಕೊಟ್ಟು, ಹೆಸರು ಹೇಳಲು ಶುರು ಮಾಡಿದರು. ಮೂವರು ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು. ಹನ್ನೊಂದು ಹೆಸರಾಯಿತು.

"ಇವರೆಲ್ಲ ಈಗ ಎಲ್ಲಿದ್ದಾರೆ ಅಜ್ಜಿ?"

"ಬೆಂಗಳೂರಲ್ಲಿ. ಒಬ್ಬ ಮೈಸೂರಲ್ಲಿ."

ನನಗೆ ಹೊಟ್ಟೆ ಚುರುಕ್ ಎಂದಿತು. 9ರಿಂದ 28ನೇ ತಾರೀಕಿನ ತನಕ ಒಂದು ದಿನವೂ ಇಲ್ಲಿರದವರನ್ನು ಇಲ್ಲಿ ಬರೆಯುವ ಹಾಗಿಲ್ಲ, ಅವರು ಇರುವಲ್ಲೇ ಎಣಿಸುತ್ತಾರೆ ಅಂದೆ.

"ಹಾಗಾದ್ರೆ ಲೈನಿನವರು?"

"ಅವರು ಇಲ್ಲೇ ಇದ್ದಾರಲ್ಲ, ಅವರನ್ನ ಬರೀಬೇಕು."

ಅಜ್ಜಿ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಹುತ್ತರಿ ಹಬ್ಬಕ್ಕೆ ಬರಬಾರದಿತ್ತಾ ಟೀಚರೇ? ಮನೆ ತುಂಬ ಸಿಗ್ತಿದ್ರು" ಅಂದರು. ಆ ಹನ್ನೊಂದು ಹೆಸರಿನ ಬದಲು ಒಂದೇ ಹೆಸರು ಬರೆದೆ.

ಆರೂವರೆಗೆ ಬಸ್ ಬಂತು. ಚೀಲ, ಒಣಮೀನು, ಕೋಳಿ, ನಿದ್ದೆ ಮಾಡುವ ಮಕ್ಕಳು. ಕಂಡಕ್ಟರಿಗೆ ನನ್ನ ಅವಸ್ಥೆ ಕೇಳಿ ನಗು. "ನೀವು ಮನೆಮನೆ ಯಾಕೆ ಸುತ್ತುತ್ತೀರಿ? ಬೆಳಿಗ್ಗೆ ಲೈನಿನಿಂದ 23 ದೊಡ್ಡವರು ಹತ್ತಿದ್ದಾರೆ. ಈಗ ಇಳಿದದ್ದು 21. ಇಬ್ಬರು ಹೆಂಡದ ಗಡಂಗಿನಲ್ಲಿ ಉಳಿದಿರಬೇಕು." ಊರಿನ ಜನಸಂಖ್ಯೆ ನಮ್ಮ ಇಲಾಖೆಗಿಂತ ಅವರಿಗೇ ಜಾಸ್ತಿ ಗೊತ್ತಿತ್ತು, ಅಲ್ವಾ?

ಒಬ್ಬೊಬ್ಬರಿಗೆ 29 ಪ್ರಶ್ನೆ. ಲೈನಿನ ಜಗಲಿಯಲ್ಲಿ ಒಂದು ಬಲ್ಬಿನ ಕೆಳಗೆ ಒಂಬತ್ತೂವರೆ ತನಕ ಬರೆದೆ. ರಾತ್ರಿ ಅಜ್ಜಿಯ ಮನೆಯಲ್ಲೇ ಮಲಗಿದೆ. ಅಕ್ಕಿರೊಟ್ಟಿ ಬಡಿಸುವಾಗ ಅವರಿಗೆ ನನ್ನ ಮೇಲೆ ಸಿಟ್ಟೇನೂ ಉಳಿದಿರಲಿಲ್ಲ.

ಆಮೇಲೆ ಜಿಲ್ಲೆಯ ಲೆಕ್ಕ ಬಂತು: 5,54,519. ಹತ್ತು ವರ್ಷದ ಹಿಂದೆ 5,48,561 ಇತ್ತು. ಇಡೀ ಜಿಲ್ಲೆಗೆ ಸೇರಿದ್ದು ಆರು ಸಾವಿರಕ್ಕೂ ಕಡಿಮೆ. ರಾಜ್ಯದಲ್ಲೇ ಅತಿ ಕಡಿಮೆ ಜನರಿರುವ ಜಿಲ್ಲೆ ನಮ್ಮದು, ರೈಲು ಹಳಿಯೂ ಇಲ್ಲ. ಆ ಅಂಕಿ ಓದಿದಾಗ ನನಗೆ ನೆನಪಾದದ್ದು ನಾನು ಬರೆಯದ ಹನ್ನೊಂದು ಹೆಸರು. ಬೆಂಗಳೂರಿನಲ್ಲಿ ಯಾರೋ ಇನ್ನೊಬ್ಬ ಟೀಚರ್ ಅವನ್ನು ಬರೆದಿರುತ್ತಾರೆ.

ಸಂತೆಯ ಮರುದಿನ ಆರೂಮುಕ್ಕಾಲರ ಬಸ್ಸಿನಲ್ಲಿ ಹೊರಟೆವು. ಎರಡನೇ ತಿರುವಿನಲ್ಲಿ ಇಬ್ಬರು ಚೀಲ ಹೊತ್ತು ಏರು ಹತ್ತಿ ಬರುತ್ತಿದ್ದರು. ಕಂಡಕ್ಟರ್ ಸೀಟಿ ಊದಿದರು. "ಟೀಚರೇ, ನಿಮ್ಮ ಇಬ್ಬರು!"

ಉಳಿದದ್ದನ್ನೆಲ್ಲ ಹೆಂಡತಿಯರು ಹಿಂದಿನ ರಾತ್ರಿಯೇ ಹೇಳಿದ್ದರು. ಬಾಕಿ ಇದ್ದದ್ದು ವಯಸ್ಸು ಮಾತ್ರ. ಕಿಟಕಿಯಿಂದ ತಲೆ ಹಾಕಿ ಕೇಳಿದೆ. ಒಬ್ಬ ಇನ್ನೊಬ್ಬನ ಮುಖ ನೋಡಿ, "ಇವನಿಗಿಂತ ಎರಡು ಜಾಸ್ತಿ ಮೇಡಂ" ಅಂದ. ಡ್ರೈವರ್ ಹಾರ್ನ್ ಹೊಡೆದರು.