ಗಂಜಾಂ ಮಾದರಿ: ಇಲ್ಲದ ಗುಡ್ಡ ಕರಗಿತು

ಮೂರು ವಾರ ಕಾಡಿದ ಗುಡ್ಡ ನಿನ್ನೆ ಕೊನೆಗೂ ಕರಗಿತು. ಗಂಜಾಂನಲ್ಲಿ ಇಲ್ಲದ ಗುಡ್ಡ ಅದು. ಫೋಮ್ ಹಾಳೆ ಕತ್ತರಿಸಿ, ಪದರ ಪದರವಾಗಿ ಅಂಟಿಸಿ ನಾನು ಮಾಡುತ್ತಿರುವ ಶ್ರೀರಂಗಪಟ್ಟಣ ದ್ವೀಪದ ಮಾದರಿಯಲ್ಲಿ ಮಾತ್ರ ಎದ್ದು ನಿಂತಿತ್ತು.

ಮಾದರಿಯ ಅಳತೆ 1:5000. ದ್ವೀಪದ ಸುಮಾರು 5 ಕಿಲೋಮೀಟರ್ ಉದ್ದ ಇಲ್ಲಿ ಒಂದು ಮೀಟರ್. ಎತ್ತರವನ್ನು ಐದು ಪಟ್ಟು ಹಿಗ್ಗಿಸಿರುವುದರಿಂದ 3 ಮಿ.ಮೀ. ಫೋಮ್ ಹಾಳೆಯ ಒಂದು ಪದರವೆಂದರೆ 3 ಮೀಟರ್ ನೆಲ. ಪಶ್ಚಿಮದಲ್ಲಿ ಕೋಟೆಯ ಭಾಗ ಸಲೀಸಾಗಿ ಮುಗಿಯಿತು. ಪೂರ್ವದಲ್ಲಿ, ಗಂಜಾಂ ಊರಿಗೂ ನದಿಯ ಎರಡು ಕವಲು ಮತ್ತೆ ಕೂಡುವ ಸಂಗಮಕ್ಕೂ ನಡುವೆ, ಊರಿಗಿಂತ ಎತ್ತರವಾದ ಮೂರು ಪದರಗಳ ದಿಬ್ಬ ಬಂದು ಕುಳಿತಿತು.

ಮೊದಲು ಹಾಳೆಗಳ ಮೇಲೆ ಅನುಮಾನ ಬಂತು. ದಪ್ಪ ಅಳೆಯುವ ವರ್ನಿಯರ್ ಹಿಡಿದರೆ 3 ಮಿ.ಮೀ. ಎಂದು ಕೊಟ್ಟದ್ದು 3.4! ಏಳು ಪದರಕ್ಕೆ ಒಂದು ಪದರವೇ ಹೆಚ್ಚಾದಂತೆ. ಅಂಗಡಿಯವರನ್ನು ಕೇಳಿದರೆ ‘ಎಲ್ಲರಿಗೂ ಇದನ್ನೇ ಕೊಡುತ್ತೇವೆ’ ಎಂಬ ಉತ್ತರ. ಕೊಳ್ಳಲು ಹೋಗುವವರು ದಯವಿಟ್ಟು ವರ್ನಿಯರ್ ಜೇಬಿನಲ್ಲಿಟ್ಟುಕೊಂಡೇ ಹೋಗಿ. ಆದರೆ ದಪ್ಪ ಹೆಚ್ಚಿದ್ದರೆ ಎಲ್ಲ ಕಡೆಯೂ ಹೆಚ್ಚಬೇಕು, ಒಂದೇ ಮೂಲೆಯಲ್ಲಿ ಗುಡ್ಡ ಏಳುವುದಿಲ್ಲ.

ತಪ್ಪಿದ್ದದ್ದು ಎತ್ತರದ ದತ್ತಾಂಶದಲ್ಲಿ. ಮಾದರಿ ಮಾಡುವ ನಾವೆಲ್ಲ ಬಳಸುವ, ನೆಲದ 30 ಮೀಟರ್ ಚೌಕಕ್ಕೊಂದು ಎತ್ತರ ಕೊಡುವ ದತ್ತಾಂಶ 2000ದ ಫೆಬ್ರುವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಅಲೆಗಳನ್ನು ಹಾಯಿಸಿ ಅಳೆದದ್ದು. ಮರ ದಟ್ಟವಾಗಿದ್ದಲ್ಲಿ ಅದಕ್ಕೆ ಸಿಕ್ಕಿದ್ದು ನೆಲವಲ್ಲ, ಮರದ ತಲೆ. ನನ್ನ ಗುಡ್ಡ ಒಂದು ತೆಂಗಿನ ತೋಟ. ಹಾಗೆಂದು ಸುಮ್ಮನೆ ಸವರಿ ಹಾಕಲು ಮನಸ್ಸು ಬರಲಿಲ್ಲ, ಏಕೆಂದರೆ ಈ ಊರಿನ ಚರಿತ್ರೆಯೇ ಅದರ ಎತ್ತರದಲ್ಲಿದೆ. ಟಿಪ್ಪು ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಎಬ್ಬಿಸಿ ತಂದು ನೆಲೆಗೊಳಿಸಿದ ಶಹರ್ ಗಂಜಾಂ ಇದು. 1792ರ ಮುತ್ತಿಗೆಯಲ್ಲಿ ಇದನ್ನು ಕಂಡ ಬ್ರಿಟಿಷ್ ಅಧಿಕಾರಿಯೊಬ್ಬ, ಮಣ್ಣಿನ ಗೋಡೆಯ ಈ ಪೇಟೆ ದ್ವೀಪದ ನಡುವೆ, ಎಲ್ಲಕ್ಕಿಂತ ಎತ್ತರದ ನೆಲದಲ್ಲಿದೆ, ಬೀದಿಗಳು ಅಗಲವಾಗಿವೆ, ಅವುಗಳ ಎರಡೂ ಬದಿಗೆ ಮರಗಳಿವೆ ಎಂದು ಬರೆದಿಟ್ಟಿದ್ದಾನೆ. ಆ ಎತ್ತರ ಮಾದರಿಯಲ್ಲಿ ಬೆರಳಿಗೆ ಸಿಗದಿದ್ದರೆ ಇಷ್ಟು ಕತ್ತರಿಸಿ ಪ್ರಯೋಜನವೇನು? ಸರ್ವೇ ನಕ್ಷೆಯೂ ನೆರವಾಗಲಿಲ್ಲ. ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತಿ ರೇಖೆ 20 ಮೀಟರ್ ಎತ್ತರಕ್ಕೊಂದಿದ್ದರೆ ಇಂಥ ದ್ವೀಪದಲ್ಲಿ ಏನು ಉಳಿಯುತ್ತದೆ?

ಭಾನುವಾರ ಗಂಜಾಂಗೆ ಹೋದೆ. ಗದ್ದೆಯ ಬದುವಿನಲ್ಲಿ ಹಿರಿಯರೊಬ್ಬರು ಗುದ್ದಲಿಯಿಂದ ಎರಡು ಹೆಂಟೆ ಮಣ್ಣು ತೆಗೆದು ಕಾಲುವೆಯ ನೀರು ತಿರುಗಿಸುತ್ತಿದ್ದರು. ಕೆಂಪು ನೀರು ಒಂದು ಕ್ಷಣ ತಡೆದು, ಒಣಗಿದ ತರಗನ್ನು ಹೊತ್ತು, ತೋಟದ ಕಡೆಗೆ ಹರಿಯಿತು. ‘ಯಜಮಾನರೇ, ತೋಟಕ್ಕೂ ಇದೇ ನೀರೇ?’ ಎಂದೆ. ‘ಇನ್ಯಾವುದು ಸ್ವಾಮಿ? ತೋಟ ತಗ್ಗಿನಲ್ಲಲ್ಲವೇ ಇರುವುದು’ ಎಂದರು.

ಅಲ್ಲಿಗೆ ಗಂಟು ಬಿಚ್ಚಿತು. ಕಂಠೀರವ ನರಸರಾಜ ಒಡೆಯರ (1638–59) ಕಾಲದ ಬಂಗಾರದೊಡ್ಡಿ ನಾಲೆ ಮೇಲ್ಗಾಲುವೆಯ ಮೂಲಕ ನದಿಯನ್ನು ದಾಟಿ ದ್ವೀಪಕ್ಕೆ ಬರುತ್ತದೆ. ಅದರ ಒಂದು ಕವಲು ಕೋಟೆಗೆ, ಇನ್ನೊಂದು ಪೂರ್ವದಲ್ಲಿ ಗುಂಬಜ್ ಇರುವ ಲಾಲ್‌ಬಾಗ್ ತೋಟದ ಕಡೆಗೆ ತೆಗೆದದ್ದು. ಎರಡೂ ಬದಿಗೆ ನೀರುಣಿಸಬೇಕಾದ ಕಾಲುವೆ ನೆಲದ ಬೆನ್ನಿನ ಮೇಲೆಯೇ ಸಾಗಬೇಕು. ಕಾಲುವೆಗಳನ್ನು ಗುರುತಿಸಿಕೊಂಡರೆ ದ್ವೀಪದ ಬೆನ್ನೆಲುಬು ತಾನಾಗಿ ಕಾಣುತ್ತದೆ.

ಗಾರೆ ಕೆಲಸದವರು ನೀರು ತುಂಬಿ ಮಟ್ಟ ನೋಡುವ ಹತ್ತು ಮೀಟರ್ ಲೆವೆಲ್ ಪೈಪು ತಂದಿದ್ದೆ. ತಮ್ಮ ಒಂದು ತುದಿ ಹಿಡಿದ, ನಾನು ಇನ್ನೊಂದು. ಕಾಲುವೆಯ ದಡದಿಂದ ಮೂವತ್ತು ಸಲ ಸರಿದು ತೋಟದ ನಡುವಿಗೆ ಬಂದಾಗ, ರೇಡಾರ್ ಒಂಬತ್ತು ಮೀಟರ್ ಏರಿಸಿದ್ದ ಜಾಗ ದಡಕ್ಕಿಂತ ಒಂದು ಗೇಣು ಕೆಳಗಿತ್ತು! ಅಲ್ಲೇ ಕುಳಿತು ಪುಸ್ತಕದಲ್ಲಿ ಬರೆದುಕೊಳ್ಳುವಾಗ ಕೈ ನಡುಗುತ್ತಿತ್ತು.

ವಾಪಸು ಬರುವಾಗ ಕಾವೇರಿಯ ಉತ್ತರದ ಕವಲಿನ ಮೇಲಿರುವ ವೆಲ್ಲೆಸ್ಲಿ ಸೇತುವೆಯ ಹತ್ತಿರ ಅರ್ಧ ಗಂಟೆ ನಿಂತೆವು. ಪೂರ್ಣಯ್ಯನವರ ಉಸ್ತುವಾರಿಯಲ್ಲಿ 1804ರಲ್ಲಿ ಎದ್ದ ಆ ಕಲ್ಲುಕಂಬಗಳ ಸಾಲನ್ನು ಪ್ರತ್ಯೇಕವಾಗಿ 1:200ರಲ್ಲಿ ಮಾಡಲೇಬೇಕು. ಕಂಬಗಳಿಗೆ ಬಳಪದ ಕಲ್ಲು ಹೇಗೆ? ಅದಕ್ಕೂ ಮೊದಲು ಶಿರಾ. ಆ ಕುಟುಂಬಗಳು ಬಿಟ್ಟು ಬಂದ ಊರನ್ನು ಇದೇ ಅಳತೆಯಲ್ಲಿ ಮಾಡಿ, ಗಂಜಾಂ ಪಕ್ಕದಲ್ಲಿಡಬೇಕೆಂದಿದ್ದೇನೆ.

ನಿನ್ನೆ ರಾತ್ರಿ ದಿಬ್ಬದ ಮೂರೂ ಪದರ ಕಿತ್ತೆ. ಈಗ ಗಂಜಾಂ ಬೆನ್ನಿನ ಮೇಲಿದೆ. ಬೆರಳಿಟ್ಟು ಪೂರ್ವಕ್ಕೆ ಎಳೆದರೆ ಗುಂಬಜ್ ದಾಟಿ ಸಂಗಮದವರೆಗೆ ಸಣ್ಣಗೆ ಇಳಿಯುತ್ತದೆ. ಅಂಟು ಒಣಗಲಿ, ನಿಮಿಷಾಂಬ ಗುಡಿಯ ದಡ ಇನ್ನೂ ಕತ್ತರಿಸುವುದಿದೆ.